ಅಂಚಿನಲ್ಲಿ ಬಳೆಯ ಸದ್ದು

ಇಳಕಲ್ಲಿನಲ್ಲಿ ಹಗಲು ಹೊತ್ತು ಕರೆಂಟ್ ಹೋದರೆ ಅದು ಮೊದಲು ಕಿವಿಗೆ ತಿಳಿಯುತ್ತದೆ. ಓಣಿಯ ಪವರ್‌ಲೂಮ್ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ಆ ಮಧ್ಯಾಹ್ನವೂ ನಿಂತವು. ನಮ್ಮ ನೃತ್ಯ ತಂಡದ ಹುಡುಗಿಯೊಬ್ಬಳು ಆಗ ಅಭ್ಯಾಸದ ಹಾಲ್‌ನ ಹಿಂದಿನ ಮೂಲೆಯಿಂದ ಎದುರಿನ ಮೂಲೆಗೆ ಓಡುತ್ತಿದ್ದಳು. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅರ್ಧ ದಾರಿಯಲ್ಲಿ ಅವಳ ಓಟ ಬಲಕ್ಕೆ ಸೊಟ್ಟಾಯಿತು. ನಾವು ಬಾಯಿ ತೆರೆಯುವಷ್ಟರಲ್ಲಿ ಕಿಟಕಿಯ ಚೌಕಟ್ಟಿಗೆ ಹಣೆ ಬಡಿದಿತ್ತು.

ರಕ್ತ ಬಹಳ ಬರಲಿಲ್ಲ. ಆದರೆ ಹುಬ್ಬಿನಿಂದ ಇಳಿದ ಒಂದು ಹನಿ ಮೂಗಿನ ಮಗ್ಗುಲಲ್ಲಿ ಸ್ವಲ್ಪ ನಿಂತು, ಯಾವ ಕಡೆ ಹೋಗಲಿ ಎಂದು ಯೋಚಿಸಿದ ಹಾಗೆ ಮಾಡಿ, ಆಮೇಲೆ ತುಟಿಗೆ ಬಂದದ್ದು ನನಗೆ ಈಗಲೂ ಕಾಣುತ್ತದೆ. ನನ್ನ ಕೈಯಲ್ಲಿ ಕುಪ್ಪಸಕ್ಕೆಂದು ತಂದ ಗುಳೇದಗುಡ್ಡದ ಖಣದ ತುಂಡೊಂದಿತ್ತು. ಅದನ್ನೇ ಒತ್ತಿ ಹಿಡಿದೆ.

"ಏನಾತವಾ?" ಎಂದೆ.

"ಗ್ವಾಡಿ ಎಲ್ಲಿಂದ ಬಂತ್ರಿ ಅಕ್ಕಾರ?" ಎಂದಳು ಅವಳು, ನೋವಿಗಿಂತ ಆಶ್ಚರ್ಯವೇ ಹೆಚ್ಚಾದವಳಂತೆ. "ಅಲ್ಲಿ ಗ್ವಾಡಿ ಇರಲಿಲ್ರಿ."

ಆ ಹಾಲ್‌ನಲ್ಲಿ ನನ್ನ ಕೆಲಸ ಸೀರೆ ಉಡಿಸುವುದು, ಕುಪ್ಪಸ ಸರಿಮಾಡುವುದು, ಅಷ್ಟೇ. ಕಾನ್ವೆಂಟಿನಲ್ಲಿ ಓದುವಾಗ ವರ್ಷದ ಗ್ಯಾದರಿಂಗ್ ಬಂತೆಂದರೆ ಎಲ್ಲ ಹುಡುಗಿಯರಿಗೂ ನಾನೇ ಸೀರೆ ಉಡಿಸುತ್ತಿದ್ದೆ. ಬಾಗಲಕೋಟೆಯಿಂದ ಬಸ್ಸಿನಲ್ಲಿ ಬಂದು ಹೋಗುವ ನೃತ್ಯದ ಟೀಚರ್‌ಗೆ ಇದನ್ನು ಯಾರೋ ಹೇಳಿದ್ದರು. ಅವರ ತಂಡದಲ್ಲಿ ಅಂಗವಿಕಲರೂ ಇದ್ದರು, ಇಲ್ಲದವರೂ ಇದ್ದರು. ಓಡುತ್ತಿದ್ದವಳು ಮರೋಳದ ಕಡೆಯ ಕುರಿ ಸಾಕುವ ಮನೆತನದ ಹುಡುಗಿ. ಇಳಕಲ್ಲಿನ ಒಂದು ದವಾಖಾನೆಯಲ್ಲಿ ಫೋನ್ ಎತ್ತುವ ಕೆಲಸ ಮಾಡುತ್ತಿದ್ದಳು. ಗಾಲಿ ಕುರ್ಚಿಯಲ್ಲಿ ಕುಣಿಯುವವರು ಹುನಗುಂದದ ಒಬ್ಬ ಟೇಲರ್. ನಾವೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು. ನಡೆಯಬಲ್ಲ, ಕಾಣಬಲ್ಲ ಇನ್ನಿಬ್ಬರು ಹೆಣ್ಣುಮಕ್ಕಳಿದ್ದರು. ನಮ್ಮಂಥವರಿಗೆ ಆಪಾ ಇಟ್ಟ ಹೆಸರು 'ಎಲ್ಲಾ ಇದ್ದವರು'.

"ಎಲ್ಲಾ ಇದ್ದವರೊಳಗ ಭಾಳ ಹೆದರೋರು ನೀವ ನೋಡ್ರಿ," ಎಂದು ಅವರು ನನಗೆ ಮೊದಲ ವಾರವೇ ಹೇಳಿದ್ದರು.

ಸುಳ್ಳಲ್ಲ. ಮನೆಯಿಂದ ಹೊರಟ ಮೇಲೆ ಗ್ಯಾಸ್ ನೋಡಲು ವಾಪಸು ಬರುವವಳು ನಾನು. ಆ ಹಾಲ್‌ನಲ್ಲಿ ತಪ್ಪು ಮಾಡುವ ಭಯವೂ ಸೇರಿತು. ಅಲ್ಲಿ ಒಳಗೆ ಬಂದವರು ತಾವು ಯಾರು, ಎಲ್ಲಿ ನಿಂತಿದ್ದೇವೆ ಎಂದು ಬಾಯಿಬಿಟ್ಟು ಹೇಳಬೇಕು. ಕಾಣದವಳ ಕೈ ಹಿಡಿದು ಎಳೆಯಬಾರದು, ನಮ್ಮ ಮೊಣಕೈ ಕೊಡಬೇಕು, ಬೇಕಾದರೆ ಅವಳು ಹಿಡಿಯುತ್ತಾಳೆ. ಕುರ್ಚಿಯನ್ನು ಕೇಳದೆ ಮುಟ್ಟಬಾರದು. ನಾನು ಒಂದು ದಿನ ಕೈಚೀಲವನ್ನು ಆಪಾನ ಕುರ್ಚಿಯ ಹಿಡಿಕೆಗೆ ನೇತು ಹಾಕಿದೆ. ಅವರು ತಿರುಗಿ ನೋಡಿ, "ನಿಮ್ಮ ಕೊಳ್ಳಾಗ ನಾ ನನ್ನ ಚೀಲ ಹಾಕ್ಲೇನ್ರಿ ಬಾಯಾರ?" ಎಂದರು. ಆಮೇಲೆ ಅವರೇ ನಕ್ಕರು. ನನಗೆ ಮಾತ್ರ ಮನೆಗೆ ಹೋಗುವವರೆಗೂ ಕಿವಿ ಬಿಸಿಯಾಗಿತ್ತು.

ಇನ್ನೊಂದು ನಿಯಮ ಎಲ್ಲಕ್ಕಿಂತ ದೊಡ್ಡದು. ಯಾವ ಹೆಜ್ಜೆಯಲ್ಲಿ ಯಾರ ಮೈಗೆ ಅಪಾಯವಿದೆಯೋ ಅವರು 'ಬ್ಯಾಡ' ಎಂದರೆ ಮುಗಿಯಿತು. ಯಾಕೆ ಎಂದು ಟೀಚರ್ ಕೂಡ ಕೇಳುವ ಹಾಗಿಲ್ಲ.

ನೃತ್ಯ ಕಲಿಸುವುದೆಲ್ಲ ಮಾತಿನಲ್ಲಿ. ಟೀಚರ್ ಕೈಮುದ್ರೆಯ ಹೆಸರು ಹೇಳಿದರೆ ಹುಡುಗಿ ಸುಮ್ಮನೆ ನಿಲ್ಲುತ್ತಿದ್ದಳು. "ರೊಟ್ಟಿ ಬಡೀವಾಗ ಅಂಚಿಗೆ ಬರ್ತೇವಲ್ಲ, ಹಂಗ ಬಲಗೈ" ಎಂದು ನಾನು ಒಮ್ಮೆ ಮೂಲೆಯಿಂದ ಹೇಳಿದೆ. ಕೈ ತಟ್ಟನೆ ಬಂತು. ಅಂದಿನಿಂದ ಮಾತು ಹುಡುಕುವ ಕೆಲಸವೂ ನನಗೆ ಬಂತು. ಓಟವನ್ನು ಮಾತ್ರ ಯಾರೂ ವಿವರಿಸಬೇಕಾಗಿರಲಿಲ್ಲ. ಅದು ಆ ಹುಡುಗಿಯ ಪ್ರಾಣ. ಮನೆಯಲ್ಲಿ, ರಸ್ತೆಯಲ್ಲಿ, ದವಾಖಾನೆಯಲ್ಲಿ ಸದಾ ಯಾರದಾದರೂ ಕೈ ಅವಳ ಮೇಲೆ ಇರುತ್ತಿತ್ತು. ಅವಳು ಒಬ್ಬಳೇ ಓಡುವ ಜಾಗ ಭೂಮಿಯ ಮೇಲೆ ಇದೊಂದೇ.

ಹಣೆಗೆ ಪಟ್ಟಿ ಹಾಕಿದ ಮೇಲೆ ಟೀಚರ್ ಅವಳ ಎದುರು ಕುಳಿತು, ಬಲಕ್ಕೆ ಏಕೆ ತಿರುಗಿದೆ ಎಂದು ಕೇಳಿದರು.

"ಮಗ್ಗ ನಿಂತ್ವಲ್ರಿ."

"ಅಂದರೆ?"

"ಮಗ್ಗ ಎಡಗಿವಿಗೆ ಇಟಗೊಂಡು ಓಡ್ತೀನ್ರಿ ನಾ. ಅದ ಹೋತು. ಹಾಲ್ ಎಲ್ಲೋ ತಿರಗಿದಂಗಾತು."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಹಾಲ್‌ನ ಎಡಗೋಡೆಯ ಆಚೆ ಮಗ್ಗದ ಶೆಡ್ ಇತ್ತು. ಇಳಕಲ್ಲಿನವರಿಗೆ ಮಗ್ಗದ ಸದ್ದು ಕೇಳಿಸುವುದೇ ಇಲ್ಲ. ನಮ್ಮ ಉಸಿರು ನಮಗೆ ಕೇಳಿಸದ ಹಾಗೆ. ತಿಂಗಳುಗಟ್ಟಲೆ ನಾವು ಅವಳ ಓಟವನ್ನು ತಿದ್ದಿ ತೀಡಿ ಮಾಡಿದ್ದೆಲ್ಲ ಆ ಶೆಡ್ಡಿನ ಲೆಕ್ಕದಲ್ಲಿ ನಡೆದಿತ್ತು. ನಮ್ಮ ಕಾರ್ಯಕ್ರಮ ಇದ್ದದ್ದು ಬಾದಾಮಿಯಲ್ಲಿ, ಬಯಲಿನ ವೇದಿಕೆಯ ಮೇಲೆ. ಅಲ್ಲಿ ಮಗ್ಗ ಎಲ್ಲಿಂದ ತರುವುದು?

"ಇವಳು ಅಲ್ಲಿ ಬಿದ್ದಿರುತ್ತಿದ್ದಳು," ಎಂದರು ಟೀಚರ್. ಅವರ ದನಿ ಬಹಳ ಸಣ್ಣದಾಗಿತ್ತು.

ಎರಡು ಉಪಾಯ ಮಾಡಿದೆವು. ಮೊದಲನೆಯದು ಹಗ್ಗ. ವೇದಿಕೆಯ ಅಂಚಿನ ಉದ್ದಕ್ಕೂ, ಸ್ವಲ್ಪ ಒಳಗೆ, ತೆಂಗಿನ ನಾರಿನ ಹಗ್ಗ ಹಾಸಿ ಮೇಲೆ ಅಗಲವಾದ ಟೇಪು ಅಂಟಿಸುವುದು. ಬರಿಗಾಲಿಗೆ ಅದರ ಉಬ್ಬು ತಗುಲಿದರೆ ಅಲ್ಲಿಗೆ ನಿಲ್ಲಬೇಕು. ಎರಡನೆಯದು ಓಟದ ಕೊನೆಯಲ್ಲಿ ಒಂದು ಸದ್ದು. ಚಪ್ಪಾಳೆ ಹಾಡಿನಲ್ಲಿ ಮುಳುಗಿತು. ಗೆಜ್ಜೆ ಬೇರೆಯವರ ಗೆಜ್ಜೆಯಲ್ಲಿ ಕಲೆತುಹೋಯಿತು. ಆಗ ಹುಡುಗಿಯೇ ಹೇಳಿದಳು:

"ಅಕ್ಕಾರ ಕೈಯಾನ ಬಳಿ ಸದ್ದ ಇಡ್ರಿ. ಅವರು ಸೀರಿ ಉಡಸಾಕ ಬಂದ್ರ ಬಾಗಲದಾಗ ಇದ್ದಾಗ ನಂಗ ಗೊತ್ತಾಗ್ತೈತಿ."

ಗಾಜಿನ ಬಳೆ ಒಡೆದರೆ ಬರಿಗಾಲಿಗೂ ಕುರ್ಚಿಯ ಟೈರಿಗೂ ಕಷ್ಟ ಎಂದು ಟೀಚರ್ ಅನುಮಾನಿಸಿದರು. ಲೋಹದ ಬಳೆ ಹಾಕಿ ನೋಡಿದೆವು. ಅದೂ ಗೆಜ್ಜೆಯ ಜಾತಿಯೇ. ಕೊನೆಗೆ ಬಳೆಗಾರನ ಹತ್ತಿರ ಸದ್ದಾಗಲೆಂದು ನನ್ನ ಅಳತೆಗಿಂತ ಸಡಿಲವಾದ ಹಸಿರು ಗಾಜಿನ ಬಳೆಗಳನ್ನೇ ಮುಂಗೈ ತುಂಬ ಹಾಕಿಸಿಕೊಂಡೆ. "ಕೈ ಇಳಿಬಿಟ್ರ ಉದರ್ತಾವ್ರಿ," ಎಂದು ಅವನು ಎಚ್ಚರಿಸಿದ.

ಹೀಗೆ ಸೀರೆ ಉಡಿಸುವವಳು ವೇದಿಕೆ ಹತ್ತಿದೆ. ನಿಲ್ಲಬೇಕಾದ ಜಾಗ ಮಾತ್ರ ನನಗೆ ಬೇಡವಾದದ್ದು: ಮುಂದಿನ ಮೂಲೆ, ಅಂಚಿಗೆ ಬೆನ್ನು ಮಾಡಿ, ಹಿಮ್ಮಡಿಯ ಹಿಂದೆ ಏನೂ ಇಲ್ಲದ ಹಾಗೆ. ಸ್ವಲ್ಪ ಒಳಗೆ ನಿಲ್ಲಬಹುದಲ್ಲ ಎಂದು ಕೇಳಿದೆ. ಆಗುವುದಿಲ್ಲ ಎಂದರು ಟೀಚರ್. ಹುಡುಗಿ ಓಡುವಾಗ ಅವಳ ಹಿಂದೆಯೇ ಆಪಾನ ಕುರ್ಚಿ ದೊಡ್ಡ ಸುತ್ತು ಹಾಕುತ್ತದೆ. ಓಟ ಗಿಡ್ಡವಾದರೆ ಅವಳು ಗಾಲಿಯ ದಾರಿಗೆ ಬರುತ್ತಾಳೆ.

ಹಾಲ್‌ನಲ್ಲಿ ಒಂದು ಹಲಗೆಯ ಕಟ್ಟೆ ಹಾಕಿ ಅಭ್ಯಾಸ ಶುರುವಾಯಿತು. ಅವಳು ಓಡಿ ಬಂದಾಗಲೆಲ್ಲ ನಾನು ಅರಿವಿಲ್ಲದೆ ಅರ್ಧ ಹೆಜ್ಜೆ ಮುಂದೆ ಬಂದು ಕೈ ಚಾಚುತ್ತಿದ್ದೆ. ಟೀಚರ್ ನನ್ನ ಪಾದದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರು. "ನೀವು ಅವಳನ್ನು ಹಿಡಿಯಲು ನಿಂತಿಲ್ಲ. ಜಾಗ ತೋರಿಸಲು ನಿಂತಿದ್ದೀರಿ. ಗೋಡೆ ಮುಂದೆ ಬರುತ್ತದೆಯೇ?"

ಹುಡುಗಿಯ ದೂರು ಬೇರೆಯಿತ್ತು. "ನೀವ್ ಒಮ್ಮೆ ಗಲ್ ಅನಸ್ತೀರಿ, ಆಮ್ಯಾಲ ತಡದು ಮತ್ತ ಗಲ್ ಅನಸ್ತೀರಿ. ನಡುವ ಸುಮ್ಮನಾಗ್ತೀರಲ್ಲ ಅಕ್ಕಾರ, ಅಷ್ಟೊತ್ತು ನಾ ಕುರುಡಿ ನೋಡ್ರಿ."

ಆ ಮಾತು ನನ್ನ ಎದೆಯಲ್ಲಿ ಕೂತಿತು. ಬಿಡದೆ ಅಲುಗಿಸಲು ನೋಡಿದೆ. ತೋಳು ಸೋಲುತ್ತಿತ್ತು, ಬಳೆಗಳು ಮೊಣಕೈಗೆ ಜಾರಿ ಮೂಕವಾಗುತ್ತಿದ್ದವು. ಎಷ್ಟು ಅಭ್ಯಾಸ ಮಾಡಿದರೂ ನಡುವೆ ಒಂದು ಬಿಡುವು ಉಳಿದೇ ಉಳಿಯಿತು.

ಆ ದಿನಗಳಲ್ಲಿ ನನಗೆ ಎಲ್ಲೆಲ್ಲೂ ಅಂಚುಗಳೇ ಕಾಣುತ್ತಿದ್ದವು. ಒಲೆಯ ಕಟ್ಟೆಯ ಅಂಚಿಗೆ ಇಟ್ಟ ಹಾಲಿನ ಪಾತ್ರೆ. ಮಾಳಿಗೆಯ ಅಂಚಿಗೆ ಒಣಹಾಕಿದ ಶ್ಯಾವಿಗೆಯ ಮಂಚ. ಯಜಮಾನರು ಪೇಪರಿನಿಂದ ತಲೆ ಎತ್ತದೆ, "ನಾಳೆ ಆಕಿ ಬಿದ್ರ ಮಂದಿ ಯಾರ ಹೆಸರು ಹೇಳ್ತಾರ?" ಎಂದು ಕೇಳಿದರು. ಮಂದಿಯ ಮಾತು ನನಗೆ ಹೊಳೆದೇ ಇರಲಿಲ್ಲ. ಆ ರಕ್ತದ ಹನಿ ಮೂಗಿನ ಮಗ್ಗುಲಲ್ಲಿ ನಿಂತದ್ದು ಒಂದೇ ಕಣ್ಣ ಮುಂದೆ ಇತ್ತು.

ಕಾರ್ಯಕ್ರಮದ ದಿನ ಬೆಳಿಗ್ಗೆ ಟೆಂಪೊ ಮಾಡಿಕೊಂಡು ಬಾದಾಮಿಗೆ ಹೋದೆವು. ವೇದಿಕೆ ಕೆಂಪು ಗುಡ್ಡಕ್ಕೆ ಎದುರಾಗಿತ್ತು. ಕಬ್ಬಿಣದ ಪೈಪಿನ ಮೇಲೆ ಹಲಗೆ, ನನ್ನ ಎದೆಯ ಎತ್ತರಕ್ಕೆ. ಹಲಗೆಯ ಮೇಲೆ ಸುಕ್ಕು ಸುಕ್ಕಾದ ಕೆಂಪು ಕಾರ್ಪೆಟ್. ಅಂಚಿನ ಸುತ್ತ ನೆರಿಗೆ ಹಿಡಿದ ಹಳದಿ ಸ್ಯಾಟಿನ್ ಬಟ್ಟೆ. ಹಲಗೆ ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿದ್ದ ನನಗೇ ತಿಳಿಯದ ಹಾಗೆ. ಕುರ್ಚಿ ಹತ್ತಿಸಲು ಇಳಿಜಾರು ಹಾಕಿರಲಿಲ್ಲ.

"ನಾಕ್ ಮಂದಿ ಹುಡುಗರದಾರ್ರಿ, ಎತ್ತಿ ಇಡ್ತಾರ," ಎಂದರು ಸಂಘಟಕರು. ಒಳ್ಳೆಯ ಮನುಷ್ಯ; ಬಂದ ಕೂಡಲೇ ಎಲ್ಲರಿಗೂ ಚಹಾ ತರಿಸಿದ್ದರು.

"ನಾ ಏನ್ ಗ್ಯಾಸ್ ಸಿಲಿಂಡರ್ ಏನ್ರಿ ಎತ್ತಿ ಇಡಾಕ?" ಎಂದರು ಆಪಾ. "ಎರಡು ಉದ್ದನ್ನ ಹಲಗಿ ಕೊಡಸ್ರಿ. ನಾನ ಏರತೇನಿ."

ಹಲಗೆ ಬಂದವು, ಅವರು ಏರಿದರು. ಆಮೇಲೆ ಧ್ವನಿಯವರು ಸ್ಪೀಕರ್ ಹಚ್ಚಿದರು. ಹಾಡು ಹೊರಟು ಗುಡ್ಡಕ್ಕೆ ಬಡಿದು, ಒಂದು ಕ್ಷಣ ತಡವಾಗಿ, ಇನ್ನೊಂದು ಹಾಡಾಗಿ ವಾಪಸು ಬಂತು. ಟೀಚರ್ ಮೈಕಿನಲ್ಲಿ ಅವಳನ್ನು ಕರೆದರು. ಹುಡುಗಿ ವೇದಿಕೆಯ ಹಿಂದಿನ ಮೂಲೆಯಲ್ಲಿ ನಿಂತು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದಳು.

"ಟೀಚರ್ ಇಬ್ರು ಅದಾರೇನ್ರಿ?"

ಯಾರಿಗೂ ನಗು ಬರಲಿಲ್ಲ. ಓಡಬೇಡ, ಈಗ ಬರೀ ನಡೆ ಎಂದರು ಟೀಚರ್. ನಾನು ಮುಂದಿನ ಮೂಲೆಯಲ್ಲಿ ನಿಂತು ಬಳೆ ಅಲುಗಿಸಿದೆ. ಅವಳು ಹೊರಟಳು. ಹಾಡು ಎರಡು ಕಡೆಯಿಂದ ಅವಳ ಮೇಲೆ ಬೀಳುತ್ತಿತ್ತು. ನನ್ನ ಕಡೆಗೆ ಮೂರು-ನಾಲ್ಕು ಹೆಜ್ಜೆ ಬಂದವಳು ಮೆಲ್ಲಗೆ ಮಗ್ಗುಲಿನ ಅಂಚಿನ ಕಡೆ ತಿರುಗಿದಳು. ಹಗ್ಗ ಕಾರ್ಪೆಟ್ಟಿನ ಅಡಿಯಲ್ಲಿ ಹೂತುಹೋಗಿತ್ತು. ಅವಳ ಪಾದ ಅದನ್ನು ದಾಟಿದ್ದು ಪಾದಕ್ಕೇ ಗೊತ್ತಾಗಲಿಲ್ಲ. ಹೆಬ್ಬೆರಳು ಹಳದಿ ಸ್ಯಾಟಿನ್ನಿನ ಮೇಲೆ ಬಂತು. ನಾನು ಬಳೆಯನ್ನು ಇನ್ನೂ ಜೋರಾಗಿ ಅಲುಗಿಸಿದೆ. ಅಷ್ಟರಲ್ಲಿ ಆಪಾ ಗಾಲಿಗೆ ಒಂದು ಏಟು ಕೊಟ್ಟು ಕುರ್ಚಿಯನ್ನು ಅಡ್ಡ ಒಗೆದರು. ಕಾಲಿಡುವ ಪಟ್ಟಿ ಹುಡುಗಿಯ ಮೊಣಕಾಲಿನ ಕೆಳಗೆ ಬಡಿಯಿತು. ಅವಳು ಅವರ ಮಡಿಲಲ್ಲಿ ಕುಕ್ಕರಿಸಿದಳು. ಕುರ್ಚಿಯ ಮುಂದಿನ ಸಣ್ಣ ಗಾಲಿ ಅಂಚಿನ ಆಚೆ ಗಾಳಿಯಲ್ಲಿ ತಿರುಗುತ್ತಿತ್ತು.

"ಯಾ ಅಲ್ಲಾ," ಎಂದರು ಆಪಾ. ಅವರ ಬಾಯಲ್ಲಿ ಮೊದಲ ಸಲ ತಮಾಷೆ ಇರಲಿಲ್ಲ.

ಟೀಚರ್ ಹಾಡು ನಿಲ್ಲಿಸಿದರು. "ಓಟ ಬೇಡ. ತೆಗೆದುಬಿಡೋಣ," ಎಂದರು.

ನನಗೆ ಹಾಯೆನಿಸಿತು. ಬಿಸಿಲಿನಲ್ಲಿ ಒಂದು ಲೋಟ ನೀರು ಕುಡಿದ ಹಾಗೆ ಆಯಿತು ಎಂದೇ ಹೇಳಬೇಕು.

ಸಂಘಟಕರು ಸಮಾಧಾನ ಮಾಡಲು ಬಂದರು. "ಛಲೋ ಆತು ಬಿಡ್ರಿ. ಆಕಿ ನಡುವ ನಿಂತು ಕೈಯಾಗ ದೀಪ ಹಿಡೀಲಿ. ಅಷ್ಟಕ್ಕ ಮಂದಿ ಕಣ್ಣಾಗ ನೀರ ಬರ್ತಾವ."

"ಮಂದಿ ಅಳ್ಲಿ ಅಂತ ನಾ ಕುಣಿಯಂಗಿಲ್ರಿ ಸರ್," ಎಂದಳು ಹುಡುಗಿ. ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. "ಇವತ್ತ ನಮ್ಮಪ್ಪ ಬರ್ತಾನ. ನಾ ಓಡೂದು ಅವ ಒಮ್ಮಿನೂ ನೋಡಿಲ್ಲ. ನಿಂತು ದೀಪ ಹಿಡಿಯೂದು ಮನ್ಯಾಗ ನೋಡ್ತಾನ." ಆಮೇಲೆ ನಾನು ನಿಂತ ಕಡೆಗೇ ಸರಿಯಾಗಿ ಮುಖ ತಿರುಗಿಸಿದಳು. "ಅಕ್ಕಾರ, ನಂದು ನಾ ಹೇಳ್ದೆ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಾ ನಿಲ್ಲಲಿಲ್ಲಂದ್ರ ಬೀಳೂದು ನಾ ಒಬ್ಬಾಕಿ ಅಲ್ಲ. ನಿಮ್ಮ ಬೆನ್ನಿಗೆ ಜಾಗ ಇಲ್ಲ. ನೀವ್ ಬ್ಯಾಡ ಅಂದ್ರ ಬ್ಯಾಡ. ಯಾಕಂತ ಕೇಳಂಗಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ಹಲಗೆಗಳ ಸಂದಿಯಿಂದ ಒಂದು ಇರುವೆ ಹೊರಬಂದು ಸ್ಯಾಟಿನ್ನಿನ ನೆರಿಗೆಯೊಳಗೆ ಇಳಿದದ್ದನ್ನು ನಾನು ನೋಡುತ್ತಿದ್ದೆ. 'ಬ್ಯಾಡ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ನನ್ನ ಹಕ್ಕು, ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಟೀಚರ್ ಈಗ ಮೈಕಿಲ್ಲದೆ ಮಾತಾಡುತ್ತಿದ್ದರು, ಅವರ ಮಾತಿಗೆ ಗುಡ್ಡ ಉತ್ತರ ಕೊಡುತ್ತಿರಲಿಲ್ಲ. ಅದೊಂದನ್ನು ನನ್ನ ಕಿವಿ ಹಿಡಿದುಕೊಂಡಿತು. ಗುಡ್ಡಕ್ಕೆ ದೊಡ್ಡ ಸದ್ದೇ ಬೇಕು. ಸಣ್ಣದನ್ನು ಅದು ವಾಪಸು ಕೊಡುವುದಿಲ್ಲ.

"ಹಾಡು ಬಂದ್ ಮಾಡ್ರಿ," ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. "ಓಡುವಷ್ಟು ಹೊತ್ತು ಸ್ಪೀಕರ್ ಪೂರಾ ಬಂದ್. ಈ ಕಾರ್ಪೆಟ್ ತೆಗೀರಿ, ಈ ಬಟ್ಟೀನೂ ತೆಗೀರಿ. ಬರೀ ಹಲಗಿ ಮ್ಯಾಲ ಹಗ್ಗ ಹಾಕ್ರಿ. ಹಂಗಾದ್ರ ನಾ ನಿಲ್ತೇನಿ."

"ಬಾಯಾರ, ಕಾರ್ಪೆಟ್ ಇಲ್ದ ಸ್ಟೇಜ್ ಅಂದ್ರ ಮಂದಿ ಏನಂತಾರ್ರಿ? ಮತ್ತ ಹಾಡ ನಿಂತ್ರ ಕರೆಂಟ್ ಹೋತಂತ ಸೀಟಿ ಹೊಡೀತಾರ."

"ಸೀಟಿ ನಂಗ ಬಿಡ್ರಿ," ಎಂದರು ಆಪಾ.

ಕಾರ್ಪೆಟ್ ಸುತ್ತಿ ಇಟ್ಟರು. ಹಲಗೆಯ ಮೊಳೆಗಳನ್ನು ಟೀಚರ್ ಕೈಯಿಂದ ಸವರಿ ಸವರಿ ಬಡಿಸಿದರು. ಹಗ್ಗ ಹಾಸಿ, ಟೇಪು ಹಚ್ಚಿ, ಹುಡುಗಿಯ ಪಾದದಿಂದ ಉದ್ದಕ್ಕೂ ಪರೀಕ್ಷೆ ಮಾಡಿಸಿದೆವು. ಹಾಡಿಲ್ಲದೆ ನಡೆದಳು, ನೇರ ಬಂದಳು. ಓಡಿದಳು, ನೇರ ಬಂದಳು. ಆದರೆ ಅದು ಖಾಲಿ ಮೈದಾನ.

ಸಂಜೆಗೆ ಅವಳ ಅಪ್ಪ ಬಂದ. ಹೆಗಲ ಮೇಲೆ ಕರಿ ಕಂಬಳಿ, ಹಣೆಗೆ ಭಂಡಾರದ ಅರಿಶಿನ. ಮಗಳು ಓಡುವಾಗ ಅವನು ಗಾಬರಿಯಾಗಿ ಕೂಗಿದರೆ ಅವಳು ಆ ದನಿಯ ಕಡೆಗೆ ತಿರುಗುತ್ತಾಳೆ. ಅದು ನನಗೆ ಹೊಳೆದದ್ದೇ ತಡ, ಅವನ ಹತ್ತಿರ ಹೋಗಿ ಎಲ್ಲ ಬಿಡಿಸಿ ಹೇಳಿದೆ. ಅವನು ಬಹಳ ಹೊತ್ತು ಅಂಚನ್ನು ನೋಡಿದ.

"ನಾ ಬಾಯಿ ಮುಚ್ಚಿಕೊಂಡ ಇರ್ಬೇಕೇನ್ರಿ?"

"ಹೌದ್ರಿ. ಆಕಿ ನಿಂತ ಮ್ಯಾಲ ಎಷ್ಟರ ಕೂಗ್ರಿ."

"ಇಲ್ಲಿ ಕುಂತ್ರ ಆಗಂಗಿಲ್ಲವ್ವಾ ನಂಗ. ಅಲ್ಲಿ ಕೆಳಗ ನಿಂದರ್ತೇನಿ, ನಿನ್ನ ಬೆನ್ನಿಗೆ."

ನಿಂತ. ಕಂಬಳಿಯನ್ನು ಬಿಚ್ಚಿ, ಕಾಳು ತುಂಬಿಕೊಳ್ಳಲು ಹಿಡಿದ ಹಾಗೆ ಎರಡೂ ಕೈಯಲ್ಲಿ ಅಗಲಿಸಿ ಹಿಡಿದ. ಸಂಘಟಕರು ನಕ್ಕರು. ಬೇಡ ಎಂದು ನಾನೂ ಹೇಳಿದೆ. ಅವನು ಕಂಬಳಿ ಇಳಿಸಲಿಲ್ಲ.

ಮೈದಾನ ತುಂಬಿತು. ನಮ್ಮ ನೃತ್ಯ ಶುರುವಾಯಿತು, ಹಾಡು ಗುಡ್ಡಕ್ಕೆ ಹೋಗಿ ಬಂದು ಮಾಡಿತು, ಅದರಿಂದ ಆಗ ತೊಂದರೆ ಇರಲಿಲ್ಲ. ಹುಡುಗಿಯ ಕೈ ಟೀಚರ್‌ನ ಮೊಣಕೈಯಲ್ಲಿತ್ತು. ಓಟದ ಹೊತ್ತು ಬಂದಾಗ ಸ್ಪೀಕರ್ ನಿಂತಿತು. ಕೂಡಲೇ ಹಿಂದಿನಿಂದ ಒಂದು ಸೀಟಿ ಬಂತು. ಆಪಾ ಮೈಕ್ ತೆಗೆದುಕೊಂಡರು.

"ಕರೆಂಟ್ ಹೋಗಿಲ್ಲಪಾ, ನಾವ ಬಂದ್ ಮಾಡಸೇವಿ. ಈಗ ಈಕಿ ಓಡ್ತಾಳ. ಈಕಿಗೆ ಕಣ್ಣ ಕಾಣಂಗಿಲ್ಲ, ಕಿವಿ ಮ್ಯಾಲ ಓಡ್ತಾಳ. ಸೀಟಿ ಬ್ಯಾಡ, ಚಪ್ಪಾಳಿ ಬ್ಯಾಡ, ಮೊಬೈಲ್ ಬ್ಯಾಡ. ಕೆಮ್ಮು ಬರೋರು ಈಗ ಕೆಮ್ಮಿಬಿಡ್ರಿ."

ಇಡೀ ಮೈದಾನ ಕೆಮ್ಮಿತು. ಗುಡ್ಡವೂ ಕೆಮ್ಮಿತು. ನಗು ಎದ್ದಿತು, ಇಳಿಯಿತು. ಮೈಕೂ ಬಂದಾಯಿತು. ಅದಾದ ಮೇಲೆ ಬಂದ ನಿಶ್ಶಬ್ದ ನಾನು ಎಂದೂ ಕೇಳಿರದಂಥದ್ದು. ಪೆಂಡಾಲಿನ ಹಗ್ಗ ಗಾಳಿಗೆ ಕಂಬಕ್ಕೆ ತಿಕ್ಕುವುದು ಕೇಳುತ್ತಿತ್ತು.

ನಾನು ಅಂಚಿನಲ್ಲಿ ನಿಂತಿದ್ದೆ. ಹಿಮ್ಮಡಿಯ ಹಿಂದೆ ಗಾಳಿ. ಮುಂಗೈಯನ್ನು ಎದೆಯ ಮುಂದೆ ಹಿಡಿದಿದ್ದೆ. ಅದನ್ನು ಎತ್ತಿ ಅಲುಗಿಸಬೇಕು. ದೂರದ ಮೂಲೆಯಲ್ಲಿ ಹುಡುಗಿ ತಲೆ ಸ್ವಲ್ಪ ಓರೆ ಮಾಡಿದಳು. ಕಾಯುತ್ತಿದ್ದಳು.

ಕೈ ಏಳಲಿಲ್ಲ.

ಸುಳ್ಳು ಹೇಳುವುದಿಲ್ಲ, ಅದು ನನ್ನ ಕೈ ಎನ್ನುವುದೇ ನನಗೆ ಆಗ ಗೊತ್ತಿರಲಿಲ್ಲ. ಭುಜದಿಂದ ಕೆಳಗೆ ಯಾರದೋ ಆಗಿತ್ತು. ಎತ್ತು, ಎತ್ತು ಎಂದು ನನಗೆ ನಾನೇ ಹೇಳಿಕೊಂಡೆ. 'ಬ್ಯಾಡ' ಎಂದು ಕೂಗಿಬಿಡಲೇ ಎಂದೂ ಅನಿಸಿತು, ಬಾಯಿಯೂ ಹಾಗೆಯೇ. ಅಷ್ಟರಲ್ಲಿ ಅವಳು ಹೊರಟೇಬಿಟ್ಟಳು. ಸದ್ದಿಲ್ಲದೆ ಹೊರಟಳು ಎಂದುಕೊಂಡೆ ನಾನು. ಕತ್ತಲೆಯೊಳಗೆ ಓಡಿ ಬರುತ್ತಿದ್ದಾಳೆ ಎಂದುಕೊಂಡೆ. ಹಲಗೆಗಳು ಅವಳ ಹಿಮ್ಮಡಿಗೆ ಧಡಧಡ ಎಂದವು. ಇಳಕಲ್ ಸೀರೆಯ ಸೆರಗು ಅವಳ ಬೆನ್ನ ಹಿಂದೆ ಅಡ್ಡಕ್ಕೆ ನಿಂತಿತ್ತು. ಆಪಾನ ಕುರ್ಚಿ ಅವಳ ಹಿಂದಿನಿಂದ ಸುತ್ತು ತಿರುಗಿತು. ಅವಳು ಸೊಟ್ಟಾಗಲಿಲ್ಲ. ನೇರ, ನನ್ನ ಮುಖಕ್ಕೆ ನೇರ ಬಂದಳು. ಬೆನ್ನ ಕೆಳಗಿನಿಂದ ಅವಳ ಅಪ್ಪ ಉಸಿರು ಒಳಗೆ ಎಳೆದುಕೊಂಡದ್ದು ಕೇಳಿತು. ಅವನು ಕೂಗಲಿಲ್ಲ. ನಾನು ಮುಂದೆ ಹೆಜ್ಜೆ ಇಡಲಿಲ್ಲ.

ಅವಳ ಹೆಬ್ಬೆರಳು ಹಗ್ಗಕ್ಕೆ ತಗುಲಿತು. ನಿಂತಳು. ಅವಳ ಬಿಸಿ ಉಸಿರು ನನ್ನ ಗಲ್ಲಕ್ಕೆ ಬಡಿಯಿತು. ಹಣೆಯ ಹಳೆಯ ಗಾಯದ ಗುರುತಿನ ಮೇಲೆ ಬೆವರು ಕೂತಿತ್ತು.

ಮೈದಾನ ಇನ್ನೂ ಉಸಿರು ಹಿಡಿದಿತ್ತು. ಅವಳು ನನಗಷ್ಟೇ ಕೇಳುವ ಹಾಗೆ ಹೇಳಿದಳು:

"ಇವತ್ತ ನಡುವ ಎಲ್ಲೂ ಬಿಡಲಿಲ್ರಿ ಅಕ್ಕಾರ. ಭಾಳ ಚಲೋ ಅಲಗಿಸಿದ್ರಿ."

ನಾನು ಕೆಳಗೆ ನೋಡಿದೆ. ಎದೆಯ ಮುಂದೆ ಹಿಡಿದ ಕೈ ಹಿಡಿದಲ್ಲೇ ಗಡಗಡ ನಡುಗುತ್ತಿತ್ತು. ಸಡಿಲವಾದ ಹಸಿರು ಬಳೆಗಳು ಒಂದಕ್ಕೊಂದು ತಾಗಿ, ಎಲ್ಲೂ ಬಿಡುವಿಲ್ಲದೆ, ಒಂದೇ ಸಮನೆ ಸದ್ದು ಮಾಡುತ್ತಿದ್ದವು. ಹಿಂದೆ ಕೆಳಗಿನಿಂದ ಅಪ್ಪನ ಕೂಗು ಎದ್ದಿತು, ಅದರ ಮೇಲೆ ಚಪ್ಪಾಳೆ, ಅದರ ಮೇಲೆ ಗುಡ್ಡದ ಚಪ್ಪಾಳೆ. ಆ ಗದ್ದಲದಲ್ಲಿ ಬಳೆ ನನಗೆ ಕೇಳಿಸದಾಯಿತು. ಕೈ ಮಾತ್ರ ಇನ್ನೂ ನಿಂತಿರಲಿಲ್ಲ.